ನಾಯಿಗೆ ಟ್ರೈನರ್ ಕರೆಸುವ ಮುನ್ನ, ಕರೆಸಿದ ಮೇಲೆ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮನೆ ಇರುವುದು ಸಾಗರದ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿ. ನಮ್ಮ ನಾಯಿ ಕೆಂಚಿ. ಊರಿನ ಜಾತಿಯವಳೇ, ಕೆಂಪು ಮೈ, ಒಂದು ಕಿವಿ ಮಡಚಿಕೊಂಡಿದೆ. ಅವಳಿಗೆ ಮೂರು ವರ್ಷ ತುಂಬಿದ ಸಮಯ. ಅಡಿಕೆ ಕೊನೆಕೊಯ್ಲಿನ ಮೊದಲ ದಿನ ಅಂಗಳಕ್ಕೆ ಬಂದ ಕೊನೆಗೌಡರ (ಅಡಿಕೆ ಕೊನೆ ಇಳಿಸುವವರು) ಹಿಮ್ಮಡಿಗೆ ಬಾಯಿ ಹಾಕಿಬಿಟ್ಟಳು. ಗಾಯ ಆಳ ಇರಲಿಲ್ಲ, ಆದರೆ ರಕ್ತ ಬಂತು. ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವರನ್ನು ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಲಸಿಕೆ ಶುರುಮಾಡಿಸಿದೆವು. ನಾಯಿಗೆ ಚುಚ್ಚುಮದ್ದು ಆಗಿದ್ದರೂ ಇದನ್ನು ಬಿಡುವ ಹಾಗಿಲ್ಲ.

ಆ ಸಂಜೆ ಮನೆಯಲ್ಲಿ ಎರಡೇ ಮಾತು. ನಾಯಿಯನ್ನು ದೂರ ಎಲ್ಲಾದರೂ ಬಿಟ್ಟು ಬರೋಣ, ಇಲ್ಲಾಂದ್ರೆ ಹಗಲಿಡೀ ಕಟ್ಟಿಹಾಕೋಣ. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಟ್ರೈನರ್ ಹುಡುಕಲು ಹೊರಟಿದ್ದು ಹಾಗೆ. ಆಮೇಲಿನ ಒಂದು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಲೆಕ್ಕ ಹೇಳಿಬಿಡುತ್ತೇನೆ. ವಾರಕ್ಕೆ 168 ಗಂಟೆ. ಟ್ರೈನರ್ ಒಂದು ಗಂಟೆ ಬಂದು ಹೋಗುತ್ತಾರೆ. ಉಳಿದ 167 ಗಂಟೆ ನಾಯಿ ನಮ್ಮ ಜೊತೆಗೇ ಇರುತ್ತದೆ, ನಮ್ಮಿಂದಲೇ ಕಲಿಯುತ್ತದೆ. ಹಾಗಾಗಿ ನಾಯಿಗೆ ಪಾಠ ಹೇಳುವವರಿಗಿಂತ ನಮಗೆ ಪಾಠ ಹೇಳಬಲ್ಲವರನ್ನು ಹುಡುಕಬೇಕು.

ಮೊದಲನೆಯದು: ಪಶುವೈದ್ಯರ ಹತ್ತಿರ ಹೋಗಿ

ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿಸಿಕೊಳ್ಳಲ್ಲ, ಗುರುಗುಡುತ್ತದೆ ಅಂದರೆ ಮೊದಲು ನೋವಿದೆಯಾ ನೋಡಬೇಕು. ಕಿವಿಯೊಳಗೆ ಕೀವಾಗಿರಬಹುದು, ಸೊಂಟದ ಕೀಲು ನೋಯುತ್ತಿರಬಹುದು, ಉಣುಗಿನಿಂದ (ಉಣ್ಣೆಹುಳದಿಂದ) ಬರುವ ಜ್ವರ ಇರಬಹುದು. ನೋವಿರುವ ನಾಯಿಗೆ ಪಾಠ ಹತ್ತುವುದಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಗೊತ್ತಾಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಲಸಿಕೆಯ ಕಾರ್ಡು ಸರಿಯಾಗಿದೆಯಾ ನೋಡಿಕೊಳ್ಳಿ. ರೇಬೀಸ್‌ನ ಮೊದಲ ಚುಚ್ಚುಮದ್ದನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸುತ್ತಾರೆ, ಆಮೇಲೆ ವೈದ್ಯರು ಹೇಳಿದ ಹಾಗೆ. ಜೊಲ್ಲು ಸುರಿಯುತ್ತಿದೆ, ನುಂಗಲು ಆಗುತ್ತಿಲ್ಲ, ದನಿ ಬದಲಾಗಿದೆ, ಕಾರಣವಿಲ್ಲದೆ ಕಚ್ಚಲು ಬರುತ್ತಿದೆ ಅನ್ನುವ ಹಾಗಿದ್ದರೆ ಹತ್ತಿರ ಹೋಗಬೇಡಿ. ಟ್ರೈನರ್‌ಗೂ ಫೋನ್ ಮಾಡಬೇಡಿ, ನೇರ ಪಶುವೈದ್ಯರಿಗೆ ಮಾಡಿ.

ಎರಡನೆಯದು: ಒಂದು ವಾರ ನೋಟ್‌ಬುಕ್ ಇಡಿ

"ನಮ್ಮ ನಾಯಿ ಮಾತೇ ಕೇಳಲ್ಲ" ಅಂದರೆ ಯಾವ ಟ್ರೈನರ್‌ಗೂ ಏನೂ ತಿಳಿಯುವುದಿಲ್ಲ. ಯಾವಾಗ, ಯಾರು ಬಂದಾಗ, ಅವರ ಕೈಯಲ್ಲಿ ಏನಿತ್ತು, ನಾಯಿ ಏನು ಮಾಡಿತು, ನೀವೇನು ಮಾಡಿದಿರಿ. ಇಷ್ಟು ಬರೆಯಿರಿ. ಸಾಧ್ಯವಾದರೆ ಮೊಬೈಲಲ್ಲಿ ದೂರದಿಂದ ವಿಡಿಯೋ ಮಾಡಿ. ಆದರೆ ವಿಡಿಯೋ ಬೇಕು ಅಂತ ನಾಯಿಯನ್ನು ಕೆಣಕಬೇಡಿ.

ನಮ್ಮ ನೋಟ್‌ಬುಕ್ಕಿನ ಒಂದು ದಿನ ಹೀಗಿತ್ತು. ಏಳೂವರೆ: ಹಾಲಿನ ಹುಡುಗ, ಬಾಲ ಅಲ್ಲಾಡಿಸಿದಳು. ಒಂಬತ್ತು: ಸೊಪ್ಪಿನ ಹೊರೆ ಹೊತ್ತವರು, ಬೊಗಳಿ ಹಿಂದೆ ಸರಿದಳು. ಹತ್ತು ಗಂಟೆ: ತೋಟಕ್ಕೆ ಬಂದವರು ದೋಟಿ (ಅಡಿಕೆ ಕೊನೆ ಇಳಿಸುವ ಉದ್ದ ಕೋಲು, ಗಣ್ಣುಗಣ್ಣಾಗಿ ಎಳೆದು ಉದ್ದ ಮಾಡುತ್ತಾರೆ) ಬಿಚ್ಚಿದರು, ಸೀದಾ ನುಗ್ಗಿದಳು, ಹಗ್ಗ ಹಿಡಿದು ಎಳೆದೆ. ಬರೆಯುವಾಗ ಇದರಲ್ಲಿ ನನಗೇನೂ ಕಾಣಲಿಲ್ಲ. ಟ್ರೈನರ್‌ಗೆ ಕಂಡಿತು, ಅದನ್ನು ಮುಂದೆ ಹೇಳುತ್ತೇನೆ.

ನಿಮಗೆ ಏನು ಬೇಡ ಅನ್ನುವುದರ ಜೊತೆ ಏನು ಬೇಕು ಅಂತಲೂ ಬರೆಯಿರಿ. "ಹಾರಬಾರದು" ಅನ್ನುವುದನ್ನು ನಾಯಿಗೆ ಕಲಿಸಲು ಆಗುವುದಿಲ್ಲ. "ಯಾರಾದರೂ ಬಂದರೆ ಜಗಲಿಯ ಗೋಣಿಚೀಲದ ಮೇಲೆ ಹೋಗಿ ಕೂರಬೇಕು" ಅನ್ನುವುದನ್ನು ಕಲಿಸಬಹುದು. ನಮ್ಮ ಕಡೆ ಇನ್ನೊಂದು ತೊಡಕಿದೆ. ಮಂಗ ಬಂದರೆ ಅಟ್ಟಿಸಿಕೊಂಡು ಹೋಗಬೇಕು, ಆದರೆ ಪಕ್ಕದ ಮನೆಯ ಕರುವನ್ನು ಅಟ್ಟಬಾರದು. ಬೊಗಳಬೇಕು, ಆದರೆ ನೆಂಟರಿಗೆ ಬೊಗಳಬಾರದು. ಹೀಗೆ ಎರಡೂ ಬೇಕಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಎಷ್ಟು ಆಗುತ್ತದೆ, ಎಷ್ಟು ಆಗಲ್ಲ ಅಂತ ಒಳ್ಳೆಯ ಟ್ರೈನರ್ ನೇರವಾಗಿ ಹೇಳುತ್ತಾರೆ.

ಮರಿ ತಂದಿದ್ದರೆ ತೊಂದರೆ ಬರಲಿ ಅಂತ ಕಾಯಬೇಡಿ. ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡದ್ದು, ಕೇಳಿದ್ದು ಮರಿಗೆ ಮಾಮೂಲಾಗಿಬಿಡುತ್ತದೆ. ಅಡಿಕೆಯ ಹಾಳೆಟೋಪಿ, ಮಳೆಗೆ ಹೊದೆಯುವ ಕಂಬಳಿಕೊಪ್ಪೆ, ಕಳೆ ಹೊಡೆಯುವ ಮಷೀನು, ದೋಟಿ, ದನದ ಗಂಟೆ, ಗುಡುಗು, ಎಲ್ಲವನ್ನೂ ಆ ವಯಸ್ಸಿನಲ್ಲಿ ದೂರದಿಂದ, ಹೆದರಿಸದೆ ತೋರಿಸಿ. ಲಸಿಕೆ ಮುಗಿಯುವ ತನಕ ಎತ್ತಿಕೊಂಡೇ ತೋರಿಸಿದರಾಯಿತು. ಕೆಂಚಿ ಮರಿಯಾಗಿದ್ದಾಗ ಜೋರು ಮಳೆಗಾಲ. ಮನೆಯೊಳಗೇ ಬೆಳೆದಳು. ದೋಟಿ ಅನ್ನುವ ವಸ್ತುವನ್ನೇ ನೋಡಿರಲಿಲ್ಲ.

ಮೂರನೆಯದು: ಟ್ರೈನರ್ ಆಯ್ಕೆ

ನಮ್ಮ ದೇಶದಲ್ಲಿ ನಾಯಿ ಟ್ರೈನರ್ ಆಗಲು ಲೈಸೆನ್ಸ್ ಬೇಕಿಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಹಾಗಾಗಿ ವಿಚಾರಿಸುವ ಕೆಲಸ ಪೂರ್ತಿ ನಮ್ಮದೇ. ಪಶುವೈದ್ಯರನ್ನು ಕೇಳಿ. ಆರು ತಿಂಗಳ ಹಿಂದೆ ಪಾಠ ಮುಗಿಸಿದ ಮನೆ ಯಾವುದಾದರೂ ಇದೆಯಾ ಕೇಳಿ, ಅಲ್ಲಿಗೆ ಹೋಗಿ ನಾಯಿಯನ್ನು ನೋಡಿ. ಕರೆದಾಗ ಬಾಲ ಅಲ್ಲಾಡಿಸುತ್ತಾ ಬರುತ್ತದಾ, ಬಾಲ ಕಾಲ ಸಂದಿಗೆ ಸೇರಿಸಿಕೊಂಡು ಬರುತ್ತದಾ? ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಆಮೇಲೆ ಫೋನಿನಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ. ನಾಯಿ ಹೇಳಿದ್ದು ಮಾಡದಿದ್ದರೆ ಏನು ಮಾಡುತ್ತೀರಿ? ಕೊರಳಿಗೆ ಏನು ಹಾಕುತ್ತೀರಿ? ಪಾಠದ ಹೊತ್ತಿಗೆ ನಾವು ಜೊತೆಗಿರಬಹುದಾ? ನಿಮ್ಮ ಕೈಲಿ ಆಗದ ನಾಯಿ ಯಾವುದಾದರೂ ಬಂದಿತ್ತಾ, ಆಗ ಏನು ಮಾಡಿದಿರಿ? ಕೊನೆಯ ಪ್ರಶ್ನೆಗೆ "ಹಾಗೆ ಯಾವುದೂ ಇಲ್ಲ, ಎಲ್ಲಾ ಸರಿಮಾಡಿದ್ದೇನೆ" ಅನ್ನುವವರನ್ನು ನಾನು ಬಿಟ್ಟುಬಿಟ್ಟೆ. ನೂರಕ್ಕೆ ನೂರು ಗ್ಯಾರಂಟಿ ಕೊಡುವವರನ್ನೂ ಬಿಟ್ಟೆ. ಅದು ಮಷೀನಲ್ಲ, ಜೀವ ಅಲ್ವಾ?

ಮುಳ್ಳಿನ ಕೊರಳಪಟ್ಟಿ, ಕರೆಂಟ್ ಶಾಕ್ ಕೊಡುವ ಪಟ್ಟಿ, ಕೋಲು, ಮಗುಚಿ ಹಾಕಿ ನೆಲಕ್ಕೆ ಒತ್ತಿ ಹಿಡಿಯುವುದು, ಇವು ಬೇಡವೇ ಬೇಡ. "ನಾಯಿ ತೋಳದ ಜಾತಿ, ಗುಂಪಿಗೆ ನಾನೇ ಯಜಮಾನ ಅಂತ ತೋರಿಸಬೇಕು" ಅಂತ ಈಗಲೂ ಹೇಳುವವರಿದ್ದಾರೆ. ಆ ಮಾತಿನ ಬೇರು 1947ರಲ್ಲಿ ಪ್ರಾಣಿಗಳ ನಡವಳಿಕೆ ನೋಡುತ್ತಿದ್ದ ವಿಜ್ಞಾನಿ ರುಡಾಲ್ಫ್ ಶೆಂಕೆಲ್ ಬರೆದದ್ದರಲ್ಲಿದೆ. ಅವರು ನೋಡಿದ್ದು ಕಾಡಿನ ತೋಳಗಳನ್ನಲ್ಲ, ಒಂದೇ ಕಡೆ ಕೂಡಿಹಾಕಿದ್ದ ತೋಳಗಳನ್ನು. ಮುಂದೆ ಅದೇ ಮಾತನ್ನು ಹರಡಿದವರಲ್ಲಿ ತೋಳಗಳ ಸಂಶೋಧಕ ಡೇವಿಡ್ ಮೆಕ್ ಒಬ್ಬರು. ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳನ್ನು ನೋಡಿದ ಮೇಲೆ 1999ರಲ್ಲಿ ಅವರೇ ತಿದ್ದಿಕೊಂಡು ಬರೆದರು. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು ಇರುವ ಒಂದು ಸಂಸಾರ. ಅಲ್ಲಿ ಯಜಮಾನಿಕೆಗಾಗಿ ದಿನಾ ಜಗಳ ಇರುವುದಿಲ್ಲ.

ಗುರುಗುಟ್ಟಿದ್ದಕ್ಕೆ ಹೊಡೆಯುವುದು ಇನ್ನೂ ಅಪಾಯ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಹೆದರಿಕೆ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಸದ್ದಿಲ್ಲದೆ ಕಚ್ಚುತ್ತದೆ.

ಊರಿಗೆ ಬಂದು ಕಲಿಸುವವರು ಸಿಗಲಿಲ್ಲ ಅಂತ ನಾವು ಮೊದಲು ಕೆಂಚಿಯನ್ನು ಒಂದು ದೊಡ್ಡ ಊರಿನಲ್ಲಿ ಒಂದು ತಿಂಗಳು ಬಿಟ್ಟಿದ್ದೆವು. ನಡುವೆ ನೋಡಲು ಬರಬೇಡಿ, ಪಾಠ ಕೆಡುತ್ತದೆ ಅಂದರು. ನಂಬಿದೆವು. ವಾಪಸು ಕರೆತಂದ ದಿನ ಕೈ ಎತ್ತಿದರೆ ಸಾಕು, ಕೂರುತ್ತಿದ್ದಳು. ನೋಡಿದವರೆಲ್ಲ ಹೊಗಳಿದರು. ರಾತ್ರಿ ಅವಳ ಕೊರಳು ಸವರಿದರೆ ಒಂದು ಸುತ್ತು ಕೂದಲೇ ಇರಲಿಲ್ಲ. ಮಾರನೇ ದಿನ ಅಜ್ಜ ಊರುಗೋಲು ಎತ್ತಿಕೊಂಡಿದ್ದಕ್ಕೆ ಜಗಲಿಯ ಮೇಲೆ ಉಚ್ಚೆ ಹೊಯ್ದುಕೊಂಡಳು. ಮೂರು ವಾರದಲ್ಲಿ ಕಲಿತದ್ದೆಲ್ಲ ಮರೆತಳು, ಹೆದರಿಕೆ ಮಾತ್ರ ಉಳಿಯಿತು. ಹಾಗಾಗಿ ನನ್ನ ಮಾತು ಇಷ್ಟೇ: ನಾಯಿ ತಪ್ಪು ಮಾಡುತ್ತಿರುವುದು ನಿಮ್ಮ ಅಂಗಳದಲ್ಲಿ, ಪಾಠವೂ ನಿಮ್ಮ ಅಂಗಳದಲ್ಲೇ ಆಗಲಿ. ಬೇರೆ ದಾರಿಯೇ ಇಲ್ಲದೆ ಬಿಡಬೇಕಾದರೆ, ಹೇಳದೆ ಕೇಳದೆ ಹೋಗಿ ನೋಡಲು ಒಪ್ಪುವ ಕಡೆ ಮಾತ್ರ ಬಿಡಿ.

ಹಣದ ವಿಷಯ ಚಿಕ್ಕದು. ಒಂದು ಭೇಟಿಗೆ ಎಷ್ಟು, ಪೆಟ್ರೋಲ್ ಸೇರಿದೆಯಾ, ಮಳೆಯಿಂದ ಬರಲಾಗದಿದ್ದರೆ ಏನು, ಫೋನಿನಲ್ಲಿ ಕೇಳಬಹುದಾ? ಇಷ್ಟನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ.

ನಾಲ್ಕನೆಯದು: ಮೊದಲ ಭೇಟಿ

ಎರಡನೇ ಟ್ರೈನರ್ ಶಿವಮೊಗ್ಗದಿಂದ ಬಂದರು. ಬಂದವರು ನಾಯಿಯ ಹತ್ತಿರವೂ ಹೋಗಲಿಲ್ಲ. ಜಗಲಿಯ ತುದಿಯಲ್ಲಿ ಪಕ್ಕಕ್ಕೆ ತಿರುಗಿ ಕೂತರು. ಕೆಂಚಿ ಬೊಗಳಿದಳು, ಅವರು ತಿರುಗಿ ನೋಡಲಿಲ್ಲ. ಅಮ್ಮ ತಂದ ಕಷಾಯ ಕುಡಿಯುತ್ತಾ ಸುಮ್ನೆ ನೋಟ್‌ಬುಕ್ ಓದಿದರು. ಅರ್ಧ ಗಂಟೆ ಕಳೆಯಿತು. ಕೆಂಚಿ ತಾನಾಗಿ ಹತ್ತಿರ ಬಂದು ಅವರ ಚಪ್ಪಲಿ ಮೂಸಿದಳು. ಆಗಲೂ ಮುಟ್ಟಲಿಲ್ಲ. ಅಂಗೈಯಲ್ಲಿ ಒಂದು ಚೂರು ಕೊಬ್ಬರಿ ಇಟ್ಟು, ಕೈ ಕೆಳಗಿಟ್ಟರು.

ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮದು ಬಿದಿರಿನ ದೋಟಿನಾ, ಫೈಬರ್‌ದಾ?"

ಫೈಬರ್‌ದು ಅಂದೆ. ತರಿಸಿ, ಅಂಗಳದ ಆಚೆ ತುದಿಯಲ್ಲಿ ನಿಂತು ಒಂದೇ ಒಂದು ಗಣ್ಣು ಎಳೆದು ತೋರಿಸಲು ಹೇಳಿದರು. ಸರ್ರನೆ ಎಳೆದು ಟಕ್ ಅಂತ ಕೂತದ್ದೇ ತಡ, ಕೆಂಚಿಯ ಮಡಚಿದ ಕಿವಿ ತಲೆಗೆ ಅಂಟಿಕೊಂಡಿತು. ಬಾಯಿ ಮುಚ್ಚಿತು. ಮೈ ಮರದ ಹಾಗೆ ನಿಂತಿತು. ಯಾರನ್ನೂ ಕಚ್ಚಬೇಕು ಅಂತ ಅವಳಿಗೆ ಇರಲಿಲ್ಲ. ಮನುಷ್ಯನ ಕೈಯಲ್ಲಿ ಒಂದು ಕೋಲು ಸದ್ದು ಮಾಡುತ್ತಾ ಉದ್ದವಾಗುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಹಾಲಿನ ಹುಡುಗನ ಕೈಯಲ್ಲಿ ಕ್ಯಾನು, ಅದಕ್ಕೆ ಸುಮ್ಮನಿದ್ದಳು. ಅಷ್ಟೂ ನೋಟ್‌ಬುಕ್ಕಿನಲ್ಲೇ ಇತ್ತು.

ಮೊದಲ ದಿನ ನಿಮ್ಮ ಮನೆಗೆ ಬಂದವರು ಹೀಗೆ ನೋಡುತ್ತಾರಾ ಗಮನಿಸಿ. ಬಂದ ಐದು ನಿಮಿಷಕ್ಕೆ ಹಗ್ಗ ಕೈಗೆ ತೆಗೆದುಕೊಂಡು "ಕೂತ್ಕೋ" ಮಾಡಿಸಿ ತೋರಿಸಿದರೆ ನೋಡುವವರಿಗೆ ಖುಷಿ ಆಗುತ್ತದೆ, ನಾಯಿಯ ಕಷ್ಟ ಗೊತ್ತಾಗಲ್ಲ. ಆ ದಿನ ಮನೆಯವರೆಲ್ಲ ಇರಲಿ. ಊಟ ಹಾಕುವವರಂತೂ ಇರಲೇಬೇಕು.

ಐದನೆಯದು: ಮನೆಯವರೆಲ್ಲ ಒಂದೇ ಮಾತಾಡಿ

ಕೂಡುಕುಟುಂಬದ ಮನೆಯಲ್ಲಿ ಇದೇ ಕಷ್ಟದ ಕೆಲಸ. ನಾನು "ಬಾ" ಅನ್ನುತ್ತಿದ್ದೆ, ತಮ್ಮ "ಕಮ್" ಅನ್ನುತ್ತಿದ್ದ, ಅಜ್ಜಿ "ಕೆಂಚೀ, ಬಾರೇ ಇಲ್ಲಿ, ಎಲ್ ಹೋದ್ಯೇ" ಅಂತ ರಾಗ ತೆಗೆಯುತ್ತಿದ್ದರು. ನಾಯಿಗೆ ಭಾಷೆ ಮುಖ್ಯವಲ್ಲ, ಒಂದೇ ಸದ್ದು ಮುಖ್ಯ. ಕನ್ನಡವೇ ಸಾಕು. ಬಾ, ಕೂರು, ಬಿಡು, ಚೀಲ. ಈ ನಾಲ್ಕು ಪದ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆವು. ಒಂದು ಪದವನ್ನು ಒಂದೇ ಸಲ ಹೇಳಬೇಕು. ಹತ್ತು ಸಲ ಹೇಳಿದರೆ ಹತ್ತನೆಯದಕ್ಕೆ ಬಂದರಾಯಿತು ಅಂತ ನಾಯಿ ಕಲಿಯುತ್ತದೆ. ಬೈಯಲು "ಬಾ" ಅಂತ ಯಾವತ್ತೂ ಕರೆಯಬೇಡಿ.

ಅಜ್ಜಿ ದೋಸೆ ಎರೆಯುವಾಗ ಮೊದಲ ದೋಸೆ ಕೆಂಚಿಗೆ. ಹೊಸಿಲ ಹತ್ತಿರ ಹಾರಿ ಹಾರಿ ಕೇಳಿದರೆ ಕೊಡುತ್ತಿದ್ದರು. ಹಾರುವುದನ್ನು ನಾವೇ ದಿನಾ ಬೆಳಿಗ್ಗೆ ಕಲಿಸುತ್ತಿದ್ದೆವು! ದೋಸೆ ಕೊಡಬೇಡಿ ಅಂತ ಟ್ರೈನರ್ ಹೇಳಲಿಲ್ಲ. "ಅಜ್ಜಿ, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಕೊಡಿ" ಅಂದರು. ಅಜ್ಜಿಯೇ ನಮ್ಮೆಲ್ಲರಿಗಿಂತ ಬೇಗ ಕಲಿತರು. ನಾಲ್ಕನೇ ದಿನಕ್ಕೆ ಕೆಂಚಿ ಹೊಸಿಲಾಚೆ ಕೂತು ಕಾಯುತ್ತಿದ್ದಳು.

ಆರನೆಯದು: ದಿನದ ಅಭ್ಯಾಸ

ಒಂದು ಗಂಟೆ ಒಟ್ಟಿಗೆ ಬೇಡ. ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಬಹುಮಾನ ಕೊಡುವ ಹೊತ್ತು ಬಹಳ ಮುಖ್ಯ. ಕೂತ ತಕ್ಷಣ, ಒಂದು ಸೆಕೆಂಡಿನೊಳಗೆ ತಿಳಿಸಬೇಕು. ಡಬ್ಬಿ ತೆಗೆಯುವಷ್ಟರಲ್ಲಿ ಅದು ಎದ್ದಿರುತ್ತದೆ, ಆಗ ಕೊಟ್ಟರೆ ಎದ್ದಿದ್ದಕ್ಕೆ ಕೊಟ್ಟ ಹಾಗಾಯಿತು. ಅದಕ್ಕೇ ಒಂದು ಗುರುತಿನ ಸದ್ದು ಇಟ್ಟುಕೊಳ್ಳುತ್ತಾರೆ. ಕೆಲವರು ಕ್ಲಿಕ್ಕರ್ ಒತ್ತುತ್ತಾರೆ, ನಾವು "ಹೂಂ" ಅನ್ನುತ್ತೇವೆ. ಸದ್ದು ಬಂತು ಅಂದರೆ ತಿಂಡಿ ಬಂದೇ ಬರುತ್ತದೆ ಅಂತ ಅವಳಿಗೆ ಗೊತ್ತು.

ತಿಂಡಿ ಕಡಲೆಕಾಳಿನಷ್ಟು ಚಿಕ್ಕದಿರಲಿ. ಮಾಂಸ ತರದ ಮನೆಗಳಲ್ಲಿ ಏನು ಕೊಡುವುದು ಅಂತ ಜಾಸ್ತಿ ಜನ ಕೇಳುತ್ತಾರೆ. ಬೇಯಿಸಿದ ಗೆಣಸು, ಉಪ್ಪಿಲ್ಲದ ಪನೀರ್, ಚಪಾತಿ ಚೂರು, ಸ್ವಲ್ಪ ಕೊಬ್ಬರಿ ನಡೆಯುತ್ತದೆ. ಮಾಂಸ ತಿನ್ನುವ ಮನೆಯಾದರೆ ಬೇಯಿಸಿದ ಕೋಳಿಯ ಲಿವರ್ ಮುಂದೆ ಯಾವುದೂ ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಕೊಡಲೇಬೇಡಿ, ನಾಯಿಗೆ ವಿಷ. ಕೊಟ್ಟಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ.

ಇನ್ನು ದೋಟಿ. ಮೊದಲ ವಾರ ಅದು ಅಂಗಳದಲ್ಲಿ ಸುಮ್ನೆ ಬಿದ್ದಿತ್ತು. ಅದರ ಉದ್ದಕ್ಕೂ ಗೆಣಸಿನ ಚೂರು ಇಟ್ಟೆವು. ದಿನಕ್ಕೆ ಒಂದು ಹೆಜ್ಜೆ ಹತ್ತಿರ ಬಂದು ತಿಂದಳು. ಎರಡನೇ ವಾರ ತಮ್ಮ ಅದನ್ನು ಎತ್ತಿ ಹಿಡಿದು ನಿಂತ, ಕೆಂಚಿ ಇಪ್ಪತ್ತು ಹೆಜ್ಜೆ ದೂರ. ಅವಳು ನೋಡಿದ ಕೂಡಲೇ "ಹೂಂ", ತಿಂಡಿ. ಮೂರನೇ ವಾರ ಒಂದು ಗಣ್ಣು ಎಳೆಯುವುದು. ಆ ದಿನ ನಾನು ಅವಸರ ಮಾಡಿ ಹತ್ತು ಹೆಜ್ಜೆಗೆ ಕರೆತಂದೆ. ಬೊಗಳಿ ನುಗ್ಗಿದಳು. ಟ್ರೈನರ್‌ಗೆ ಫೋನ್ ಮಾಡಿದರೆ, "ಮತ್ತೆ ಇಪ್ಪತ್ತೈದಕ್ಕೆ ಹೋಗಿ, ನಾಳೆ ಮಾಡಿ" ಅಂದರು, ಅಷ್ಟೇ. ತಿಂಡಿ ಮುಟ್ಟುತ್ತಿಲ್ಲ ಅಂದರೆ ಹತ್ತಿರ ಜಾಸ್ತಿ ಆಯಿತು ಅಂತಲೇ ಅರ್ಥ. ಈ ಒಂದು ಗುರುತು ನೆನಪಿಟ್ಟುಕೊಳ್ಳಿ. ಎರಡು ತಿಂಗಳಿಗೆ ಪೂರ್ತಿ ದೋಟಿ ಬಿಚ್ಚುವಾಗ ಗೋಣಿಚೀಲದ ಮೇಲೆ ಮಲಗಿ ನೋಡುತ್ತಿದ್ದಳು. ಹೊಸಬರು ಬರುವಾಗ ಹಗ್ಗ ಮತ್ತು ಬಾಯಿಕುಕ್ಕೆ ಹಾಕಿರುತ್ತಿದ್ದೆವು. ಬಾಯಿ ತೆರೆದು ಉಸಿರಾಡಲು, ನೀರು ಕುಡಿಯಲು ಆಗುವಂಥ ಕುಕ್ಕೆಯನ್ನು ತಿಂಡಿ ಕೊಟ್ಟು ಮೊದಲೇ ರೂಢಿ ಮಾಡಿಸಿದ್ದೆವು.

ಏಳನೆಯದು: ನಮ್ಮ ಕಡೆಯದೇ ಪಾಠಗಳು

ಪಟ್ಟಣದ ಟ್ರೈನರ್‌ಗೆ ಇವು ಹೊಳೆಯದಿರಬಹುದು, ನೀವೇ ಕೇಳಿ ಕಲಿಸಿಕೊಳ್ಳಿ.

ಮೊದಲು "ಬಾ". ಮಬ್ಬುಗತ್ತಲಲ್ಲಿ ತೋಟದ ಅಂಚಿಗೆ ಹೋದ ನಾಯಿಯನ್ನು ಚಿರತೆ ಒಯ್ಯುವುದು ನಮ್ಮೂರುಗಳಲ್ಲಿ ಹೊಸತಲ್ಲ. ಕತ್ತಲಾಗುವ ಮುಂಚೆ ಕರೆದ ಕೂಡಲೇ ಒಳಗೆ ಬರಬೇಕು, ರಾತ್ರಿ ಬಾಗಿಲು ಹಾಕಿದ ಜಾಗದಲ್ಲಿ ಮಲಗಬೇಕು. ಇದನ್ನು ಹದಿನೈದು ಅಡಿ ಉದ್ದದ ಹಗ್ಗ ಕಟ್ಟಿ ಕಲಿಸುತ್ತಾರೆ. ಹಗ್ಗ ಬಿಡುವ ಅವಸರ ಬೇಡ.

ಎರಡನೆಯದು "ಬಿಡು". ಮಳೆಗಾಲದಲ್ಲಿ ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ನಾಯಿಗೂ ವಿಷ. ತೌಡು, ಬೆಲ್ಲ ಸೇರಿಸಿ ಇಟ್ಟಿದ್ದರೆ ವಾಸನೆಗೆ ಹೋಗಿ ತಿನ್ನುತ್ತದೆ. ಕಾಡುಹಂದಿಗೆ ಇಟ್ಟ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾದ ನಾಯಿಗಳೂ ಇವೆ. ನೆಲದ ಮೇಲಿದ್ದದ್ದನ್ನು ಹೇಳದೆ ತಿನ್ನಬಾರದು ಅನ್ನುವ ಪಾಠ ಇಲ್ಲಿ ಜೀವ ಉಳಿಸುತ್ತದೆ. ಹಾಗಂತ ಪಾಠವನ್ನೇ ನಂಬಿ ಕೂರಬೇಡಿ. ವಿಷ ಇಟ್ಟ ದಿನ ತೋಟಕ್ಕೆ ಬಿಡಬೇಡಿ.

ಸರಪಳಿಯ ವಿಷಯ. ಹಗಲಿಡೀ ಕಟ್ಟಿ ರಾತ್ರಿ ಬಿಡುವುದು ಹಳೆಯ ರೂಢಿ. ಅಂಥ ನಾಯಿಗೆ ಯಾವ ಟ್ರೈನರ್ ಬಂದರೂ ಸಿಟ್ಟು ಇಳಿಯುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತು ಮೀರಿ ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಇರುವುದು ಅಪರಾಧ. ಕಟ್ಟಲೇಬೇಕಾದ ಹೊತ್ತಿದ್ದರೆ ಎರಡು ಕಂಬದ ನಡುವೆ ತಂತಿ ಎಳೆದು, ಅದರ ಮೇಲೆ ಜಾರುವ ಹಗ್ಗ ಕಟ್ಟಿ. ನೆರಳು, ನೀರು ಇರಲಿ.

ಉಣುಗಿನ ಬಗ್ಗೆ ನಮಗೆ ಯಾರೂ ಹೇಳಬೇಕಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಡಿಸೆಂಬರಿನಿಂದ ಮೇ ತನಕ ಹೊರಗಿನ ಪಾಠವನ್ನು ಅಂಗಳದಲ್ಲೇ ಮಾಡಿ, ಕಾಡಿನ ದರಗಿನಲ್ಲಿ (ಒಣ ಎಲೆಯಲ್ಲಿ) ಬೇಡ. ನಾಯಿಗೆ ಉಣುಗಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿ ಹಾಕಿಸಿ. ಮಂಗ ಸತ್ತದ್ದು ಕಂಡರೆ ಅತ್ತ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಪಾಠದ ಮೊದಲ ಒಂದು ನಿಮಿಷ ಮೈ ಸವರಿ, ಕಿವಿ ಮಡಚಿ, ಬೆರಳ ಸಂದಿ ನೋಡುವುದನ್ನೇ ಒಂದು ಪಾಠ ಮಾಡಿಕೊಳ್ಳಿ. ಕೆಂಚಿ ಈಗ ತಾನೇ ಪಾದ ಕೊಡುತ್ತಾಳೆ. ಮಳೆಗಾಲದಲ್ಲಿ ಉಂಬಳ (ಜಿಗಣೆ) ತೆಗೆಯಲೂ ಅನುಕೂಲ.

ಎಂಟನೆಯದು: ಮುಂದೆ ಹೋಗುತ್ತಿಲ್ಲ ಅನ್ನಿಸಿದರೆ

ಮೂರು ವಾರ ಸರಿಯಾಗಿ ಅಭ್ಯಾಸ ಮಾಡಿಯೂ ಚೂರೂ ಬದಲಾವಣೆ ಇಲ್ಲದಿದ್ದರೆ ಟ್ರೈನರ್‌ಗೆ ನೋಟ್‌ಬುಕ್ ತೋರಿಸಿ. ಅಭ್ಯಾಸ ಮಾಡಿಲ್ಲದಿದ್ದರೆ ಅದನ್ನೂ ಮುಚ್ಚಿಡಬೇಡಿ. ಕೊಯ್ಲಿನ ಕಾಲದಲ್ಲಿ ಬಿಡುವಿಲ್ಲ ಅಂದರೆ ಅವರು ಪಾಠವನ್ನೇ ಚಿಕ್ಕದು ಮಾಡಿಕೊಡುತ್ತಾರೆ. ಆದರೆ ಟ್ರೈನರ್ ಬಂದ ಸದ್ದಿಗೆ ನಾಯಿ ಮಂಚದಡಿ ಸೇರುತ್ತಿದೆ, ನಿಮ್ಮನ್ನು ಒಳಗೆ ಹೋಗಿ ಅನ್ನುತ್ತಿದ್ದಾರೆ, ಕೇಳಿದ್ದಕ್ಕೆ ಸಿಡುಕುತ್ತಾರೆ ಅಂದರೆ ಅವತ್ತೇ ನಿಲ್ಲಿಸಿ. ನಡುವೆ ನಿಲ್ಲಿಸುವುದು ಹೇಗೆ ಅಂತ ದಾಕ್ಷಿಣ್ಯ ಬೇಡ. ಕೆಂಚಿಯ ವಿಷಯದಲ್ಲಿ ನಾನು ಆ ದಾಕ್ಷಿಣ್ಯ ಮಾಡಿದೆ, ಅದರ ನೋವು ಅವಳು ತಿಂದಳು.

ಒಂಬತ್ತನೆಯದು: ಪಾಠ ಮುಗಿದ ಮೇಲೆ

ಕೊಯ್ಲು ಶುರುವಾಗುವ ಹದಿನೈದು ದಿನ ಮೊದಲು ದೋಟಿಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಹಾಕುತ್ತೇವೆ. ಒಂದೆರಡು ದಿನ ಗೆಣಸಿನ ಚೂರು, ಆಮೇಲೆ ಒಂದೊಂದೇ ಗಣ್ಣು. ಟ್ರೈನರ್‌ಗೆ ಒಂದು ವಿಡಿಯೋ ಕಳಿಸುತ್ತೇವೆ, ಬೇಕಿದ್ದರೆ ಒಂದು ಸಲ ಬಂದು ಹೋಗುತ್ತಾರೆ. ಹೋದ ವರ್ಷ ಕೆಂಚಿ ಕಚ್ಚಿದ್ದ ಅದೇ ಕೊನೆಗೌಡರೇ ಬಂದರು. ಬೇಲಿ ದಾಟುವ ಮೊದಲೇ ಕೂಗಿ ಹೇಳಿದರು, ನಾನು "ಚೀಲ" ಅಂದೆ. ಅವಳು ಹೋಗಿ ಗೋಣಿಚೀಲದ ಮೇಲೆ ಕೂತಳು. ಅವರು ಹಾಳೆಟೋಪಿ ತೆಗೆದು ಪಕ್ಕಕ್ಕಿಟ್ಟು, ನಮ್ಮ ಟ್ರೈನರ್ ಮಾಡಿದ ಹಾಗೇ ಪಕ್ಕಕ್ಕೆ ತಿರುಗಿ ಜಗಲಿಯ ತುದಿಯಲ್ಲಿ ಕೂತರು. ಕೈಯಲ್ಲಿ ಮನೆಯಿಂದ ತಂದ ಚಪಾತಿಯ ಚೂರು ಇತ್ತು.